ಉಳವಪ್ಪನ ಕಾಟಾ

ಉಳವಪ್ಪ ಯಲವಿಗಿಯವನು. ಸರ್ಕಾರಿ ಆಸ್ಪತ್ರೆಯ ಜವಾನನಾಗಿ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಮೂವತ್ತೆರಡು ವರ್ಷ ದುಡಿದ. ನಾನು ಹೇಳಹೊರಟ ಸಂಗತಿ ಇವುಗಳಲ್ಲಿ ಯಾವ ಊರಿನದು ಎಂದು ಮಾತ್ರ ಹೇಳುವುದಿಲ್ಲ. ಅಲ್ಲಿ ನಾನು ಔಷಧ ಕೊಡುವ ಕಿಟಕಿಯ ಹಿಂದೆ ಹನ್ನೊಂದು ವರ್ಷ ಕುಳಿತವನು. ಈಗಲೂ ಅದೇ ಊರಿನಲ್ಲಿ ಮನೆಯಿದೆ. ಠಾಣೆಯವರು ನನ್ನನ್ನು ವಿಚಾರಿಸಿಕೊಳ್ಳಲು ಬರುವುದು ನನಗೆ ಬೇಕಾಗಿಲ್ಲ.

ಪೊಲೀಸರು ಯಾರನ್ನೇ ಬಂಧಿಸಲಿ, ಕೋರ್ಟಿಗೆ ಕರೆದೊಯ್ಯುವ ಮೊದಲು ಆಸ್ಪತ್ರೆಗೆ ತಂದು ತೋರಿಸಬೇಕು. ಮೈಮೇಲೆ ಗಾಯ ಇದೆಯೋ ಇಲ್ಲವೋ ಎಂದು ಡಾಕ್ಟರು ಬರೆದುಕೊಡಬೇಕು. ಕಾನೂನು ಹಾಗಿದೆ. ನಡೆಯುತ್ತಿದ್ದದ್ದು ಬೇರೆ. ಇಬ್ಬರು ಪೇದೆಗಳು ಎರಡೂ ಕಡೆ ರಟ್ಟೆ ಹಿಡಿದು ಆರೋಪಿಯನ್ನು ಒಳಗೆ ತರುವರು. ಹೊರಗೆ ಐವತ್ತು ಮಂದಿ ಚೀಟಿ ಹಿಡಿದು ಕಾಯುತ್ತಿರುವರು. ಡಾಕ್ಟರು ಕುರ್ಚಿಯಿಂದಲೇ ಒಮ್ಮೆ ಬೆನ್ನು ನೋಡಿ ‘ಗಾಯಗಳಿಲ್ಲ’ ಎಂದು ಬರೆಯುವರು. ಬೆನ್ನು ನೋಡುತ್ತಾರೆಂದು ಠಾಣೆಯಲ್ಲಿ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅಂಗಾಲಿಗೆ ಹೊಡೆಯುತ್ತಿದ್ದರು.

ಉಳವಪ್ಪನಿಗೂ ಇದು ಗೊತ್ತಿತ್ತು. ಅವನ ಅಣ್ಣ ಗುಡ್ಡಪ್ಪನನ್ನು ಹಿಂದೊಮ್ಮೆ ಪಂಪ್‌ಸೆಟ್ ಕಳವಿನ ಅನುಮಾನದ ಮೇಲೆ ಹಿಡಿದೊಯ್ದಿದ್ದರು. ಕದ್ದವನು ಬೇರೆಯವನೆಂದು ಎಂಟು ದಿನಕ್ಕೆ ತಿಳಿಯಿತು. ಗುಡ್ಡಪ್ಪ ಮನೆಗೆ ಬಂದ, ಆದರೆ ಸಾಯುವವರೆಗೂ ಹಿಮ್ಮಡಿ ಊರಿ ನಡೆಯಲಿಲ್ಲ. ಅವನ ಕಾಗದದಲ್ಲೂ ಗಾಯಗಳಿಲ್ಲ ಎಂದೇ ಇತ್ತು.

ಜವಾನ ಹೇಳಿದರೆ ಡಾಕ್ಟರು ಕಾಲು ನೋಡುತ್ತಾರೆಯೇ? ನೋಡುವುದಿಲ್ಲ. ಹಾಗಾಗಿ ಉಳವಪ್ಪ ಠಾಣೆಯವರು ತಂದವರನ್ನೆಲ್ಲ ಕಾಟಾ, ಅಂದರೆ ತೂಕದ ಯಂತ್ರ, ಹತ್ತಿಸಿ ತೂಕ ಮಾಡತೊಡಗಿದ. ಫಾರ್ಮಿನಲ್ಲಿ ತೂಕಕ್ಕೊಂದು ಖಾನೆ ಇತ್ತು, ಅದನ್ನು ಯಾರೂ ತುಂಬುತ್ತಿರಲಿಲ್ಲ. “ಚಪ್ಪಲಿ ಬಿಟ್ಟು ಹತ್ತಪಾ” ಎನ್ನುವನು. ಪೇದೆಗಳು ರಟ್ಟೆ ಬಿಡದಿದ್ದರೆ, “ಹಿಡಕೊಂಡ್ರ ಕಾಟಾ ತಪ್ಪ ತೋರಸ್ತೈತ್ರಿ ಸಾಹೇಬ್ರ, ಕೈ ಬಿಡ್ರಿ” ಎಂದು ಬಹಳ ವಿನಯದಿಂದ ಹೇಳುವನು. ಕೈ ಬಿಟ್ಟರೆ ಮುಗಿಯಿತು. ಅಂಗಾಲಿಗೆ ಏಟು ತಿಂದವನು ಆ ಕಬ್ಬಿಣದ ಹಲಗೆಯ ಮೇಲೆ ಎರಡೂ ಕಾಲೂರಿ ನಿಲ್ಲಲಾರ. ಕಣ್ಣೆದುರೇ ಕುಸಿದವನ ಕಾಲು ನೋಡದೆ ಡಾಕ್ಟರಿಗೂ ಬೇರೆ ದಾರಿ ಇರುತ್ತಿರಲಿಲ್ಲ.

ಇದರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಕಾರು ಗುದ್ದಿಸಿ ಸಿಕ್ಕಿಬಿದ್ದ ಅಡಿಕೆ ವ್ಯಾಪಾರಿಯ ಮಗನನ್ನೂ ಹತ್ತಿಸಿದ. ಠಾಣೆಯಲ್ಲಿ ಕುರ್ಚಿ, ಚಹಾ, ಫ್ಯಾನು ಎಲ್ಲವೂ ಸಿಕ್ಕಿದೆಯೆಂದು ಆ ಗೃಹಸ್ಥನ ಮುಖವೇ ಹೇಳುತ್ತಿತ್ತು. ಎಂಬತ್ತಾರು ಕೆಜಿ ತೂಗಿದ. ಅಂಗಾಲಿಗೆ ಧೂಳು ಕೂಡ ಹತ್ತಿರಲಿಲ್ಲ. ಹವಾಲ್ದಾರ ಫಕ್ಕೀರೇಶ ಸಿಡಿಮಿಡಿಗೊಂಡು, “ಇವರಿಗೂ ಬೇಕೇನೋ ನಿನ್ನ ಕಾಟಾ?” ಎಂದ. “ಖಾನೆ ಐತ್ರೀ” ಎಂದ ಉಳವಪ್ಪ. ನಾನು ಕಿಟಕಿಯ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ.

ಮೂರು ವರ್ಷದ ಹಿಂದೆ ಉಳವಪ್ಪನ ಅಕ್ಕ ಕರೆವ್ವ ಹೊಲದಿಂದ ಮನೆಗೆ ಬರುತ್ತಿದ್ದಾಗ ಬೈಕಿನಲ್ಲಿ ಬಂದವನೊಬ್ಬ ಕೊರಳಿಗೆ ಕೈ ಹಾಕಿ ಬೋರಮಾಳ ಕಿತ್ತ. ಸರ ಬೇಗ ಹರಿಯಲಿಲ್ಲ. ಮುದುಕಿಯನ್ನು ಹತ್ತು ಮಾರು ಎಳೆದುಕೊಂಡೇ ಹೋದ. ಅವಳ ಬಲಗಾಲು ಮುರಿಯಿತು, ಮೊಳಕೈ ಸುಲಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ನಮ್ಮದೇ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮಲಗಿದಳು. ತಾಯಿ ಸತ್ತ ಮೇಲೆ ಉಳವಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

ಆರನೆಯ ದಿನ ಬೆಳಿಗ್ಗೆ ಕಳ್ಳನನ್ನು ತಂದರು. ಹೆಸರು ಸಂಜಯ, ಇಪ್ಪತ್ತೈದರ ಆಸುಪಾಸು. ಸರ ಅವನ ಮನೆಯಲ್ಲೇ ಸಿಕ್ಕಿತ್ತು, ಅನುಮಾನಕ್ಕೆ ಜಾಗವೇ ಇರಲಿಲ್ಲ. ಪೇದೆಗಳು ಅವನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದರು. ಫಕ್ಕೀರೇಶ ಉಳವಪ್ಪನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮಕ್ಕನ್ನ ಎಳದಾಂವ ಇವನ ನೋಡು. ಚಲೋತ್ನಂಗ ವಿಚಾರಿಸೇವಿ. ಇವತ್ತರ ತೂಕ ಬ್ಯಾಡಲ್ಲಾ?” ಎಂದ.

ಡಾಕ್ಟರು ಮಧುಶ್ರೀ ಹೊಸಬರು. ಬೆನ್ನು ನೋಡಿ ಆಗಿತ್ತು, ಬರೆಯುತ್ತಿದ್ದರು. ಉಳವಪ್ಪ ಬಾಗಿಲಿಗೆ ಒರಗಿ ಸುಮ್ಮನೆ ನಿಂತಿದ್ದ. ಸುಳ್ಳೇಕೆ ಹೇಳಲಿ, ಅವನು ಸುಮ್ಮನೇ ಇರಲಿ ಎಂದು ನಾನೂ ಬಯಸಿದೆ. ಕರೆವ್ವನ ಮೊಳಕೈಗೆ ದಿನಾ ಮುಲಾಮು ಕೊಡುತ್ತಿದ್ದವನು ನಾನು. ಆ ಹುಡುಗನ ಮೇಲೆ ನನಗೆ ಕನಿಕರ ಹುಟ್ಟಲಿಲ್ಲ, ಈಗಲೂ ಇಲ್ಲ. ಡಾಕ್ಟರು ಸಹಿ ಮಾಡಲು ಹಾಳೆ ತಿರುವಿದರು.

“ತೂಕ ಉಳದೈತ್ರಿ ಮೇಡಂ” ಎಂದ ಉಳವಪ್ಪ.

ಸಂಜಯ ಒಂದು ಕಾಲಿಟ್ಟ. ಇನ್ನೊಂದನ್ನು ಇಡುವಷ್ಟರಲ್ಲಿ ಚೀರಿ ಕುಸಿದ. ಅವನನ್ನು ಹಿಡಿದುಕೊಂಡವನು ಉಳವಪ್ಪನೇ. ಅಂಗಾಲು ಎರಡೂ ಕಪ್ಪಿಟ್ಟು ಬಾತಿದ್ದವು. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ, ಗಾಯಗಳನ್ನು ಅಳತೆ ಸಮೇತ ಬರೆದರು. ಕೋರ್ಟು ಆ ಕಾಗದ ನೋಡಿ ಠಾಣೆಯವರಿಂದ ವಿವರಣೆ ಕೇಳಿತು. ಎರಡು ವಾರಕ್ಕೆ ಸಂಜಯನಿಗೆ ಜಾಮೀನೂ ಸಿಕ್ಕಿತು.

ಆ ಸುದ್ದಿ ವಾರ್ಡಿಗೆ ಉಳವಪ್ಪನಿಗಿಂತ ಮೊದಲೇ ತಲುಪಿತ್ತು. ಅವನು ಗಂಜಿಯ ಡಬ್ಬಿ ಹಿಡಿದು ಹೋದಾಗ ನಾನು ಮುಲಾಮು ಕೊಡಲು ಅಲ್ಲೇ ನಿಂತಿದ್ದೆ.

“ಅಂವ ಮನಿಗೆ ಹೋದ್ನಂತ” ಎಂದಳು ಕರೆವ್ವ. “ನಾ ಇನ್ನೂ ಇಲ್ಲೇ ಬಿದ್ದೇನಿ.”

“ಹೂಂ ಅಕ್ಕಾ.”

“ಅಂವ ನಿನ್ನ ಮುಂದ ನಿಂತಾಗ ನಾ ನೆನಪಾಗಲಿಲ್ಲೇನು ನಿನಗ?”

“ನೆನಪಾದಿ. ಅದಕ್ಕ ಅಷ್ಟೊತ್ತು ಬಾಯಿ ಬಿಡಲಿಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ಮುಖ ಮಾಡಿದಳು.

ನಿವೃತ್ತನಾಗುವ ದಿನದವರೆಗೂ ಉಳವಪ್ಪ ಒಬ್ಬರನ್ನೂ ಬಿಡದೆ ತೂಕ ಮಾಡಿದ. ಕರೆವ್ವ ಈಗ ಕೋಲೂರಿ ಓಡಾಡುತ್ತಾಳೆ. ಅವನ ಕೈಯಿಂದ ಒಂದು ಲೋಟ ನೀರನ್ನೂ ಇಸಿದುಕೊಳ್ಳುವುದಿಲ್ಲ.