ಅಟ್ಟಿಯ ಮೇಲಿನ ಟೈರು

ಹಿಮ ಸುರಿಯುವ ಸಾಗನೆ ಸೀಮೆಯಲ್ಲಿ, ಹಿಮದಲ್ಲಿ ಜಾರದ ಚಳಿಗಾಲದ ಹಳೆಯ ಟೈರು ಮಾರುವವರು ನಾಲ್ಕನ್ನು ಒಂದರ ಮೇಲೊಂದು ಅಟ್ಟಿ ಮಾಡಿ, ಚೆನ್ನಾಗಿರುವುದನ್ನು ಮೇಲಿಡುತ್ತಾರೆ. ಒಡೆಟ್ ಗಿಮಾಂ ಮಾತ್ರ ಹೆಚ್ಚು ಸವೆದದ್ದನ್ನೇ ಮೇಲಿಡುತ್ತಾಳೆ. ಕೊಳ್ಳಲು ಬಂದವರು ಎರಡು ಡಾಲರಿನ ನಾಣ್ಯವನ್ನು ಅದರ ಗೀರಿನೊಳಗೆ ನಿಲ್ಲಿಸುತ್ತಾರೆ. ನಾಣ್ಯದ ಹಿಮಕರಡಿಯ ಪಾದ ಮುಳುಗಿದರೆ ಟೈರು ಹೊಸತರಂತೆ. ಕೆಳಗಿನ ಅಕ್ಷರ ಮಾತ್ರ ಮುಳುಗಿದರೆ ಅದರ ಕಾಲ ಮುಗಿಯುತ್ತ ಬಂತು. ಒಡೆಟ್‌ಳ ಅಟ್ಟಿಯಲ್ಲಿ ಮೇಲಿನದು ಒಪ್ಪಿಗೆಯಾದರೆ ಕೆಳಗಿನವನ್ನು ಯಾರೂ ಮುಟ್ಟಿ ನೋಡುವುದಿಲ್ಲ.

ಆ ವರ್ಷ ಗಂಡ ಇವೋಂ ಹಿಮದ ಮೇಲೆ ಓಡುವ ಹೊಸ ಮೋಟಾರು ಹಿಮಬಂಡಿ ತಂದಿದ್ದ. ಅದಕ್ಕೆ ಒಡೆಟ್ ಟೈರು ಇಡುವ ಶೆಡ್ಡೇ ಬೇಕಂತೆ.

"ಡಿಸೆಂಬರ್ ಒಂದರೊಳಗೆ ಎಲ್ಲಾ ಮಾರಿದ್ರೆ ಶೆಡ್ಡು ನಿಂದು. ಒಂದಟ್ಟಿ ಉಳಿದ್ರೂ ನಂದು," ಎಂದ.

"ಆಗ್ಲಿ. ನಿನ್ನ ಬಂಡಿ ಹೊರಗೇ ನಡುಗ್ತಾ ಇರಲಿ."

ನವೆಂಬರಿನ ಕೊನೆಯ ದಿನ ಉಳಿದಿದ್ದು ಒಂದೇ ಅಟ್ಟಿ. ಹಳ್ಳಿಗಳಿಗೆ ಟಪಾಲು ಹಂಚುವ ಗಾಯೆಟಾಂ ಬಂದು ನಾಣ್ಯ ಇಟ್ಟ. ಕರಡಿ ಮೊಣಕಾಲಿನ ತನಕ ಮುಳುಗಿತು.

"ಒಡೆಟಕ್ಕಾ, ಮೇಲಿಂದೇ ಹಿಂಗಾದ್ರೆ ಕೆಳಗಿನವು ಇನ್ನೂ ಅಂಗಡಿ ವಾಸನೆ ಹೊಡೀತಿರ್ಬೇಕು! ಗಾಡಿಗೆ ಹಾಕ್ತೀನಿ."

ಒಡೆಟ್‌ಳ ಮುಖ ಅರಳಿತು. ಶೆಡ್ಡು ಉಳಿಯಿತು! ಆದರೆ ಅವಳು ಮೇಲಿಟ್ಟಿದ್ದು ಇದಲ್ಲ. ತಿರುಗಿ ನೋಡಿದಳು. ಬಾಗಿಲಲ್ಲಿ ಇವೋಂ ಅಳತೆಪಟ್ಟಿ ಹಿಡಿದು ನಿಂತಿದ್ದ.

"ಅಟ್ಟಿ ಸರಿಸಿದ್ಯಾ?"

"ಬಂಡಿಗೆ ಜಾಗ ಅಳೀಬೇಕಿತ್ತು. ಒಂದೊಂದಾಗಿ ಎತ್ತಿ ಈ ಕಡೆ ಇಟ್ಟೆ."

ಒಂದೊಂದಾಗಿ ಎತ್ತಿಟ್ಟರೆ ಮೇಲಿನದು ತಳಕ್ಕೆ ಹೋಗುತ್ತದೆ. ಅಳೆಯುವ ಅವಸರದಲ್ಲಿ ಅವನು ತನ್ನ ಪಂದ್ಯವನ್ನೇ ಹಾಳು ಮಾಡಿಕೊಳ್ಳಲಿದ್ದ. ಒಡೆಟ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ತಳದ್ದು ನೋಡು ಗಾಯೆಟಾಂ," ಎಂದಳು, ಹಲ್ಲು ಕಚ್ಚಿಕೊಂಡು.

ನೋಡಿದ. ನಾಣ್ಯದ ಅಕ್ಷರ ಮಾತ್ರ ಮುಳುಗಿತು, ಕರಡಿಯ ಪಾದ ಒಣಗಿಯೇ ಇತ್ತು.

"ಪೇಟೆಯೊಳಗೆ ಓಡಿಸೋರಿಗಾದ್ರೆ ಒಂದು ಚಳಿಗಾಲ ಬರುತ್ತೆ," ಎಂದಳು.

"ನಾನು ಗುಡ್ಡ ಹತ್ತೋನಲ್ವಾ ಅಕ್ಕಾ," ಎಂದು ಅವನು ಟೋಪಿ ಎಳೆದುಕೊಂಡು ಹೊರಟ.

ಮರುದಿನ ಹಿಮಬಂಡಿ ಶೆಡ್ಡಿನೊಳಗೆ ಮೆರೆಯಿತು. ಇವೋಂ ಕೈ ಒರೆಸಿಕೊಂಡು ಅಡುಗೆಮನೆಗೆ ಬಂದರೆ, ಒಲೆಯ ಪಕ್ಕ ಅವನ ತೂಗುಕುರ್ಚಿಯ ಜಾಗದಲ್ಲಿ ನಾಲ್ಕು ಟೈರು ಕೂತಿದ್ದವು. ಬಟಾಣಿ ಸಾರಿನ ಮೇಲೆ ರಬ್ಬರಿನ ವಾಸನೆ ಹರಡಿತ್ತು.

"ಇದೇನೇ ಇದು?"

"ಶೆಡ್ಡು ನಿಂದಾಯ್ತು. ಅಡುಗೆಮನೆ ಯಾರ್ದು ಅಂತ ನೀನು ಹೇಳ್ಲಿಲ್ಲ."

ಊಟ ಮುಗಿಯುವಷ್ಟರಲ್ಲಿ ಇವೋಂ ತಾನೇ ನೆಂಟರಿಗೆಲ್ಲ ಫೋನು ಹಚ್ಚತೊಡಗಿದ.

"ನಾಲ್ಕೂ ಚೆನ್ನಾಗಿವೆ ಕಣೋ, ಒಂದು ಮಾತ್ರ ಸ್ವಲ್ಪ ಸವೆದಿದೆ..."

"ಸ್ವಲ್ಪ ಅಲ್ಲ!" ಎಂದು ಒಡೆಟ್ ಪಾತ್ರೆ ತೊಳೆಯುತ್ತಲೇ ಕೂಗಿದಳು.