ಹೊಳಿ ಬಂದ ವರ್ಷ

ಗಜೇಂದ್ರಗಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತು. ಸರ್ಕಾರ ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಕೂಡದೆಂದು ಸಂವಿಧಾನದಲ್ಲೇ ಬರೆದುಬಿಡಬೇಕು ಎಂಬುದು ನನ್ನ ವಾದ. ರೋಣದಿಂದ ಹೊರಟ ಬಸ್ಸಿನಲ್ಲಿ ಭಾಷಣ ಬಾಯಿಪಾಠ ಮಾಡುತ್ತಿದ್ದರೆ, ಪಕ್ಕದಲ್ಲಿದ್ದ ಹೊಳೆಮಣ್ಣೂರಿನ ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ಖರೇ ಐತ್ರಿ. ಆದ್ರ ಹೊಳಿ ಬಂದ ವರ್ಷ ಹ್ಯಾಂಗ್ರಿ?"

ನಾನು ಮೈಸೂರು ಕಡೆಯವನು. "ಹೋಳಿಗೇನಜ್ಜಿ ಮಹಾ ಖರ್ಚು? ಒಂದಿಷ್ಟು ಬಣ್ಣ ತಾನೆ?" ಎಂದೆ.

ಬಸ್ಸಿಗೆ ಬಸ್ಸೇ ನಕ್ಕಿತು.

"ಹಬ್ಬ ಅಲ್ರೀ ಸರ, ಹೊಳಿ! ಮಲಪ್ರಭಾ ಊರೊಳಗ ಬರ್ತಾಳಲ್ಲ, ಅದು!" ಹಿಂದಿನ ಸೀಟಿನಿಂದ ಯಾರೋ ತಿದ್ದಿದರು.

ಅಜ್ಜಿ ಪ್ರವಾಹದ ಮಾತಾಡುತ್ತಿದ್ದಾರೆಂದು ಆಗ ಹೊಳೆಯಿತು. ಅಂಥ ವರ್ಷ ಸಂಸತ್ತಿನ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಿದರೆ ಹೆಚ್ಚು ಖರ್ಚು ಮಾಡಬಹುದು ಎಂದು ವಿವರಿಸಿದೆ.

"ಚಲೋ ಆತು ಬಿಡ್ರಿ. ಅವರೆಲ್ಲಾ ಕೂಡಿ ಕೈ ಎತ್ತೂತನಕ ನಾವು ಮಾಳಿಗಿ ಮ್ಯಾಲ ಕುಂತಿರ್ತೀವಿ."

ನನ್ನ ಆರು ಪುಟಗಳಲ್ಲಿ ಇದಕ್ಕೆ ಉತ್ತರ ಹುಡುಕತೊಡಗಿದೆ. ಗಜೇಂದ್ರಗಡ ಬಂದರೂ ಹುಡುಕುತ್ತಲೇ ಇದ್ದೆ. ವೇದಿಕೆ ಹತ್ತಿ, ಎದುರು ಬಣದವರನ್ನು ನೋಡಿದ ಮೇಲೆಯೇ ಹೋದ ಜೀವ ಬಂದದ್ದು. ಸದ್ಯ, ಮೂವರೂ ಅರ್ಥಶಾಸ್ತ್ರದ ಮೇಷ್ಟ್ರುಗಳು. ಹೊಳೆಮಣ್ಣೂರಿನವರು ಒಬ್ಬರೂ ಇರಲಿಲ್ಲ.