ಅಪ್ಪನ ದೋಣಿಗೆ ಅಮ್ಮನ ಚಪ್ಪರ

೧೯೯೫ರ ಡಿಸೆಂಬರಿನಲ್ಲಿ ಅಪ್ಪ ಹೃದಯದ ಆಪರೇಶನ್ನಿಗೆಂದು ಬಹರೈನಿನಿಂದ ಊರಿಗೆ ಹೊರಟರು. ಊರಲ್ಲಿ ಚಿಕ್ಕಪ್ಪ ನೋಡಿಕೊಳ್ಳುತ್ತಾರೆ, ಮಗಳಿಗೆ ಹನ್ನೆರಡನೆಯ ತರಗತಿಯ ಪರೀಕ್ಷೆ ಎಂದು ಅಮ್ಮ ನನ್ನೊಂದಿಗೆ ಅದ್ಲಿಯಾದ ಫ್ಲ್ಯಾಟಿನಲ್ಲೇ ಉಳಿದರು. ಏರ್‌ಪೋರ್ಟಿನಲ್ಲಿ ಅಪ್ಪ ನನಗೆ ಹೇಳಿದ್ದು ದೋಣಿಯ ಮಾತು.

“ಮಳೆನೀರು ಒಳಗೆ ಹೋಗದ ಹಾಗೆ ಮುಚ್ಚು ಮಗಾ. ಬಂದ ಮೇಲೆ ಅದರಲ್ಲಿ ಒಂದು ಸುತ್ತು ಹೋಗ್ಬೇಕು ನನಗೆ.”

ಅದು ಹಾಯಿ ಕಟ್ಟುವ ಸಣ್ಣ ಮರದ ದೋಣಿ. ಕೆಲಸ ಬಿಟ್ಟು ಹೋದ ಸಹೋದ್ಯೋಗಿಯೊಬ್ಬರಿಂದ ಕೊಂಡದ್ದು. ಅಪ್ಪನ ಶುಕ್ರವಾರಗಳೆಲ್ಲ ಅದಕ್ಕೇ ಹೋಗುತ್ತಿದ್ದುದರಿಂದ ಅಮ್ಮನ ಬಾಯಲ್ಲಿ ಅದರ ಹೆಸರು ‘ನನ್ನ ಸವತಿ’. ಅಮ್ಮ ‘ಮಾರಿಬಿಡಿ’ ಎಂದಾಗಲೆಲ್ಲ ನನ್ನ ಡೈರಿಯ ಕೊನೆಯ ಪುಟದಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಪುಟ ತುಂಬಿದ ಮೇಲೆ ಬಿಟ್ಟೆ.

ಮರುವಾರ ಕಡಲ ದಂಡೆಗೆ ಹೋಗಿ ದೋಣಿಯನ್ನು ಮುಚ್ಚಿ ಬಂದೆ. ಡೈರಿಯಲ್ಲಿ ಹೀಗಿದೆ: ಪ್ಲಾಸ್ಟಿಕ್ ಹಾಳೆ ಎರಡು, ಹಗ್ಗ ಆರು. ಊರಿನಲ್ಲಿ ಮಳೆಗಾಲಕ್ಕೆ ಮೊದಲು ಪಂಪ್‌ಸೆಟ್ಟಿಗೆ ಸುತ್ತುವ ಹಾಗೆ, ಒಂದು ಸಂದೂ ಬಿಡದೆ ಬಿಗಿದಿದ್ದೆ.

ಜನವರಿಯಲ್ಲಿ ಫೋನ್ ಬಂತು. ಆಪರೇಶನ್ ಆಗಿತ್ತು. ಅಪ್ಪನ ಸಣ್ಣಗಿನ ದನಿ ಮೊದಲು ಕೇಳಿದ್ದು, “ದೋಣಿ ಹೇಗುಂಟು?”

ಮಾರನೆಯ ದಿನವೇ ಅಮ್ಮನನ್ನು ಕರೆದುಕೊಂಡು ಹೋಗಿ ಬಿಚ್ಚಿದೆ. ಮಳೆಯ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಆದರೆ ಪ್ಲಾಸ್ಟಿಕ್ಕಿನ ಒಳಮೈ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ತೊಟ್ಟಿಕ್ಕುತ್ತಿತ್ತು. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಹಲಗೆಗಳ ಮೇಲೆಲ್ಲ ಕಪ್ಪು ಬೂಷ್ಟು. ಹೀಗೇ ಬಿಟ್ಟರೆ ಅಪ್ಪ ಬರುವಷ್ಟರಲ್ಲಿ ಮರ ಕೊಳೆಯುತ್ತದೆ. ನನಗೆ ಅಳು ಬಂತು.

“ಅಳುವುದು ಮತ್ತೆ. ಪ್ಲಾಸ್ಟಿಕ್ ತೆಗಿ ಮಾರಾಯ್ತಿ, ಪಾಪ, ಬೆವರಿ ಸಾಯ್ತದೆ ಅದು” ಎಂದರು ಅಮ್ಮ. ಸವತಿಗೆ ‘ಪಾಪ’ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ವಿನೆಗರ್ ಬೆರೆಸಿದ ನೀರಿನಲ್ಲಿ ಹಳೆಯ ಸೀರೆ ಅದ್ದಿ ಇಬ್ಬರೂ ಹಲಗೆ ಒರೆಸಿದೆವು. ಬಿಸಿಲಿಗೆ ಒಣಗಲು ಬಿಟ್ಟೆವು. ಆಮೇಲೆ ಅಮ್ಮ ದರ್ಜಿಯಿಂದ ದಪ್ಪ ಕ್ಯಾನ್ವಾಸ್ ಹೊಲಿಸಿ ತಂದರು. ಹಾಯಿಯ ಕಂಬವನ್ನು ದೋಣಿಯ ಉದ್ದಕ್ಕೂ ಎತ್ತರದಲ್ಲಿ ಮಲಗಿಸಿ, ಅದರ ಮೇಲೆ ಬಟ್ಟೆಯನ್ನು ಎರಡೂ ಕಡೆಗೆ ಇಳಿಬಿಟ್ಟರು.

“ಮದುವೆ ಚಪ್ಪರ ನೋಡಿಲ್ವಾ? ಇಳಿಜಾರು ಬೇಕು, ಇಲ್ಲದಿದ್ರೆ ನೀರು ನಿಲ್ತದೆ. ಎರಡು ತುದಿ ಮುಚ್ಬೇಡ, ಗಾಳಿ ಆಡ್ಲಿ.”

ಕಂಬದ ಇನ್ನೊಂದು ತುದಿ ಹಿಡಿದಿದ್ದ ದಂಡೆಯ ಬಹರೈನಿ ಕಾವಲುಗಾರ, ನಾನು ಅಮ್ಮನ ಮಾತಿನ ಅರ್ಥ ಹೇಳಿದಾಗ, ಹಿಂದಿಯಲ್ಲಿ ಕೇಳಿದ, “ಯಾರ ಮದುವೆ?”

“ನನ್ನ ಸವತಿಯದ್ದು” ಎಂದರು ಅಮ್ಮ, ಅವರೂ ಹಿಂದಿಯಲ್ಲೇ. ಆತ ನಕ್ಕ ನಗುವಿಗೆ ಕಂಬ ಕೈಜಾರುವುದರಲ್ಲಿತ್ತು.

ಅಲ್ಲಿಂದ ಪ್ರತಿ ಶುಕ್ರವಾರ, ನನ್ನನ್ನು ಓದಲು ಕೂರಿಸಿ, ಅಮ್ಮ ಒಬ್ಬರೇ ಟ್ಯಾಕ್ಸಿ ಹಿಡಿದು ಹಗ್ಗ ನೋಡಿ ಬರುತ್ತಿದ್ದರು. ವಾಯವ್ಯದಿಂದ ನುಗ್ಗುವ ಶಮಾಲ್ ಬಿರುಗಾಳಿ ಬೀಸಿದ ಮರುದಿನವೂ ಹೋಗುತ್ತಿದ್ದರು.

ಏಪ್ರಿಲ್‌ನಲ್ಲಿ ಅಪ್ಪ ಬಂದರು, ಮೈ ಇಳಿದು ಅಂಗಿ ದೊಡ್ಡದಾಗಿತ್ತು. ದಂಡೆಗೆ ಹೋಗಿ ಕ್ಯಾನ್ವಾಸಿನ ಅಂಚು ಎತ್ತಿ ಹಲಗೆಯ ಮೇಲೆ ಅಂಗೈ ಆಡಿಸಿದರು, ಮೂಸಿ ನೋಡಿದರು. ಹಗ್ಗದ ಗಂಟು ನೋಡಿ ಅಮ್ಮನ ಕಡೆ ತಿರುಗಿದರು.

“ಒಂದು ಸುತ್ತು ಅಂದಿದ್ರಲ್ಲ? ನೀವು ಹಾಯಿ ಹಗ್ಗ ಎಳೀಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ. ಸ್ವಲ್ಪ ಆಚೆ ಸರೀರಿ, ನಾನು ಎಳೀತೇನೆ.”

ಹಾಗೆಂದು ಅಮ್ಮ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ದೋಣಿ ಹತ್ತಿದರು. ಆ ದಿನದ ಡೈರಿಯಲ್ಲಿ ಇಷ್ಟೇ ಇದೆ: ದೋಣಿಯಲ್ಲಿ ಮೂವರು.